ಎರಡನೇ ಸಲ ಕೇಳದ ನಾಡಿನಲ್ಲಿ

ಹೊರಡುವ ಮುಂಚೆ

ಆಸ್ಟ್ರೇಲಿಯಾದಿಂದ ಬಂದಾಗಿನಿಂದ ಗದಗಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಕಾಂಗರೂ ನೋಡಿದಿರಾ? ನೋಡಲಿಲ್ಲ. ಸಿಡ್ನಿಯ ಹೆಸರುವಾಸಿ ಸೇತುವೆಯನ್ನು ರೈಲಿನ ಕಿಟಕಿಯಿಂದ ಅರ್ಧ ನೋಡಿದೆ, ಉಳಿದರ್ಧ ಎದುರಿಗೆ ನಿಂತವರ ಬೆನ್ನಿಗೆ ಮರೆಯಾಯಿತು. ನಾನು ಹೋಗಿದ್ದು ಹಸಿವಿನ ಬಗ್ಗೆ ಮಾತಾಡಲು. ಮಾತಾಡಿದೆ, ಜೊತೆಗೆ ಹಸಿದುಕೊಂಡೂ ಇದ್ದೆ. ಅದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು, ಹೆಸರು ಎಸ್ತರ್. ನಮ್ಮ ಚರ್ಚಿನ ಹಿಂದೆ ಒಂದು ಹಳೇ ಹಾಸ್ಟೆಲ್ ಇದೆ. ಅದರ ಅಡಿಗೆಮನೆಯಲ್ಲಿ ನಾವು ಕೆಲವು ಹೆಂಗಸರು ಸೇರಿ ಬುತ್ತಿ ಕಟ್ಟುತ್ತೇವೆ. ನಮ್ಮ ಸಭೆಯವರೂ ಇದ್ದಾರೆ, ಓಣಿಯ ಲಿಂಗಾಯತರು, ಮುಸಲ್ಮಾನರೂ ಇದ್ದಾರೆ. ಎರಡು ಜೋಳದ ರೊಟ್ಟಿ, ಒಂದು ಪಲ್ಯ, ಮೇಲಿಷ್ಟು ಶೇಂಗಾ ಚಟ್ನಿ. ಇದು ಹೋಗುವುದು ದೊಡ್ಡಾಸ್ಪತ್ರೆಯ ವರಾಂಡಕ್ಕೆ. ರೋಗಿಗೆ ಅಲ್ಲಿ ಊಟ ಸಿಗುತ್ತದೆ. ರೋಗಿಯ ಜೊತೆ ಹಳ್ಳಿಯಿಂದ ಬಂದು ಮಂಚದ ಕೆಳಗೆ ಮಲಗುವ ತಾಯಿಗೆ, ಹೆಂಡತಿಗೆ, ತಮ್ಮನಿಗೆ ಸಿಗುವುದಿಲ್ಲ. ಕೈಯಲ್ಲಿದ್ದದ್ದು ಔಷಧಕ್ಕೆ ಹೋದ ಮೇಲೆ ಅವರು ನೀರು ಕುಡಿದು ಮಲಗುತ್ತಾರೆ.

ಬೆಳಗಿನ ಬುತ್ತಿಯನ್ನು ಊರಿನವರೇ ನಡೆಸುತ್ತಾರೆ. ಸಂಜೆಯ ಬುತ್ತಿ ಮಾತ್ರ ಆಸ್ಟ್ರೇಲಿಯಾದ ಕೆಲವು ಚರ್ಚುಗಳು ಕೂಡಿ ಕೊಡುವ ಅನುದಾನದ ಮೇಲೆ ನಿಂತಿತ್ತು. ಈ ವರ್ಷ ಅದರ ಅವಧಿ ಮುಗಿಯುವುದರಲ್ಲಿತ್ತು. ಮುಂದುವರಿಸುವ ವಿಚಾರ ಮೆಲ್ಬರ್ನಿನ ಸಮಿತಿಯ ಮುಂದೆ ಬರುತ್ತದೆ, ಅದಕ್ಕೂ ಮುಂಚೆ ನಿಮ್ಮಲ್ಲಿ ಒಬ್ಬರು ಬಂದು ಮುಖಾಮುಖಿ ಮಾತಾಡಲಿ ಎಂದರು. ಇಂಗ್ಲಿಷ್ ಬರುತ್ತದೆ, ಮನೆಯಲ್ಲಿ ಕಾಯುವವರು ಯಾರೂ ಇಲ್ಲ, ಈ ಎರಡು ಅರ್ಹತೆಗಳ ಮೇಲೆ ನನ್ನನ್ನು ಆರಿಸಿದರು. ನನ್ನ ಯಜಮಾನರು ತೀರಿಕೊಂಡು ಕೆಲವು ವರ್ಷಗಳಾದವು. ಮಕ್ಕಳಿಲ್ಲ.

ನಮ್ಮ ಅಡಿಗೆಮನೆಗೆ ಹಿರಿಯಳು ಕಾಶವ್ವ. ಬುತ್ತಿ ಹಂಚುವುದಕ್ಕೆ ಅವಳದೊಂದು ಕಟ್ಟಳೆ. ವರಾಂಡದಲ್ಲಿ ಕೂತವರನ್ನು "ಉಂಡೀರೇನ್ರಿ?" ಎಂದು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. "ಆಗೇತ್ರಿ, ಬ್ಯಾಡ್ರಿ" ಅನ್ನುತ್ತಾರೆ. ಮರ್ಯಾದಸ್ಥರು ಹಾಗೇ ಅನ್ನಬೇಕು. ಎರಡನೇ ಸಲ ಕೇಳಿದಾಗ ನೆಲ ನೋಡುತ್ತಾರೆ. ಮೂರನೇ ಸಲಕ್ಕೆ ಕೈ ಚಾಚುತ್ತಾರೆ. ಆದ್ದರಿಂದ ಮೂರು ಸಲ ಕೇಳದೆ ಮುಂದಿನ ಮಂಚಕ್ಕೆ ಹೋಗಕೂಡದು. ನನ್ನ ಮೇಲೂ ಅವಳದು ಇದೇ ಕಾನೂನು. ಮನೆಯಲ್ಲಿ ಉಂಡು ಬಂದೆ ಎಂದು ನಾನು ಎಷ್ಟು ಹೇಳಿದರೂ ತಾಟು ತಂದು ಮುಂದಿಡುತ್ತಾಳೆ. ನಾನು ಬೈಯುತ್ತೇನೆ, ಬೈಯುತ್ತಲೇ ಉಣ್ಣುತ್ತೇನೆ.

ಸಿಡ್ನಿ, ಮಾರ್ಗರೆಟ್ ಅವರ ಮನೆ

ವಿಮಾನ ನಿಲ್ದಾಣದಲ್ಲೇ ಮೊದಲ ಪೆಟ್ಟು ಬಿತ್ತು. ನಿಮ್ಮ ಅನುದಾನ ಇದಕ್ಕೆ ಹೋಗುತ್ತದೆ ನೋಡಿ ಎಂದು ತೋರಿಸಲು ಬಿಳಿಜೋಳದ ಕಾಳನ್ನು ಒಂದು ಪುಟ್ಟ ಚೀಲದಲ್ಲಿ ಕಟ್ಟಿಕೊಂಡು ಹೋಗಿದ್ದೆ. ಬಿತ್ತಿದರೆ ಮೊಳೆಯುವಂಥದ್ದು ಈ ದೇಶದೊಳಗೆ ಬರುವಂತಿಲ್ಲ ಎಂದು ಅಧಿಕಾರಿ ಬಹಳ ವಿನಯದಿಂದ ಹೇಳಿ, ಅದನ್ನು ಎರಡು ಬೆರಳಲ್ಲಿ ಹಿಡಿದು ಕಸದ ಡಬ್ಬಿಗೆ ಹಾಕಿದ. ಇದು ಬಿತ್ತಲಿಕ್ಕಲ್ಲಪ್ಪ, ತೋರಿಸಲಿಕ್ಕೆ ಎಂದೆ. ಅವನು ಕ್ಷಮೆ ಕೇಳಿದ. ಆ ನಾಡಿನಲ್ಲಿ ನಮಗೆ ಏನನ್ನು ಕೊಡದಿದ್ದರೂ ಕ್ಷಮೆಯನ್ನು ಮಾತ್ರ ಕೈತುಂಬ ಕೇಳುತ್ತಾರೆ.

ನನ್ನನ್ನು ಉಳಿಸಿಕೊಂಡ ಮಾರ್ಗರೆಟ್ ಚರ್ಚಿನ ಹಾಡುಗಾರ್ತಿ, ಎಪ್ಪತ್ತು ದಾಟಿದ ವಿಧವೆ. ಮೂರು ಮಲಗುವ ಕೋಣೆಗಳ ಮನೆಯಲ್ಲಿ ಒಬ್ಬರೇ. ಸಂಜೆ ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ, ಸೂಪ್ ಇದೆ, ಊಟ ಮಾಡುತ್ತೀರಾ ಎಂದು ಕೇಳಿದರು. ವಿಮಾನದಲ್ಲಿ ಏನೂ ಸೇರಿರಲಿಲ್ಲ, ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೆ ಯಾರ ಮನೆಗಾದರೂ ಹೋಗಿ ಕೂತ ಕೂಡಲೇ ಹೂಂ ಅನ್ನುವುದುಂಟೇ? ಬೇಡ, ಬೇಡ, ವಿಮಾನದಲ್ಲಿ ಆಯಿತು ಎಂದೆ. ಹೇಳಿ ಎರಡನೇ ಪ್ರಶ್ನೆಗೆ ಕಾಯುತ್ತ ಕೂತೆ. ಮಾರ್ಗರೆಟ್ ಮುಗುಳ್ನಕ್ಕು ಸೂಪಿನ ಪಾತ್ರೆಯನ್ನು ಎತ್ತಿ ಫ್ರಿಜ್ಜಿನಲ್ಲಿಟ್ಟರು. ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಅವರ ಊಟದ ಮೇಜಿನ ಮೇಲೆ ಉಪ್ಪಿನ ಪಕ್ಕದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಈಸ್ಟರ್ ಹಬ್ಬದ ಮುಂಚಿನ ಉಪವಾಸದ ದಿನಗಳಲ್ಲಿ ಅಲ್ಲಿಯ ಮನೆಮನೆಯಲ್ಲೂ ಇದನ್ನು ಇಡುತ್ತಾರಂತೆ. ಕಾಫಿಯನ್ನೋ ಕೇಕನ್ನೋ ಬಿಟ್ಟ ದಿನ ಅದರ ಬೆಲೆಯನ್ನು ಪೆಟ್ಟಿಗೆಗೆ ಹಾಕುತ್ತಾರೆ. ಎಲ್ಲ ಪೆಟ್ಟಿಗೆಗಳು ಕೂಡಿದರೆ ನಮ್ಮಂಥವರ ಅನುದಾನ. ನಾನು ಉಣ್ಣದ್ದನ್ನು ಉಪವಾಸವೆಂದು ತಿಳಿದು ಮಾರ್ಗರೆಟ್ ಅವರಿಗೆ ಭಕ್ತಿ ಉಕ್ಕಿತು. ನಿಮ್ಮ ಪರವಾಗಿ ಇದು ಎಂದು ಒಂದು ನಾಣ್ಯ ಹಾಕಿದರು. ನನ್ನ ಹಸಿವು ನನ್ನದೇ ಅಡಿಗೆಮನೆಗೆ ದಾನವಾಗಿ ಹೋದದ್ದನ್ನು ಕಣ್ಣಾರೆ ಕಂಡೆ.

ಮರುದಿನ ಅವರು ಹಾಡಿನ ತಾಲೀಮಿಗೆ ಹೊರಡುವಾಗ, ಏನು ಬೇಕೋ ತೆಗೆದುಕೊಂಡು ತಿನ್ನಿ ಎಂದು ಹೇಳಿ ಹೋದರು. ಬೇರೆಯವರ ಫ್ರಿಜ್ಜಿನ ಬಾಗಿಲು ತೆಗೆಯುವುದು ನನ್ನ ಕೈಲಾಗಲಿಲ್ಲ. ಒಂದು ಸಲ ಅದರ ಮುಂದೆ ಹೋಗಿ ನಿಂತು, ಮೇಲೆ ಅಂಟಿಸಿದ್ದ ಮೊಮ್ಮಕ್ಕಳ ಫೋಟೋ ನೋಡಿ ಬಂದೆ. ಹೊರಗೆ ಬೀದಿಯಲ್ಲಿ ನಡೆದರೆ ಒಂದು ನರಪಿಳ್ಳೆಯೂ ಇಲ್ಲ. ಹೂವು, ಹುಲ್ಲು, ತೊಳೆದ ಕಾರು ಎಲ್ಲ ಇವೆ, ಮನುಷ್ಯರಿಲ್ಲ. ನಮ್ಮ ಓಣಿಯಲ್ಲಿ ಹೆಜ್ಜೆ ಹೊರಗಿಟ್ಟರೆ ಎಲ್ಲಿಗೆ ಹೊಂಟ್ರಿ ಎಂದು ಕೇಳುವವರ ಕಾಟಕ್ಕೆ ನಾನು ಹಿಂದಿನ ಬಾಗಿಲಿನಿಂದ ಹೋಗುವುದುಂಟು. ಇಲ್ಲಿ ಆ ಕಾಟಕ್ಕೆ ಹಂಬಲಿಸಿದೆ. ತಿರುವಿನಲ್ಲಿ ಒಂದು ನಾಯಿ ನನ್ನನ್ನು ನೋಡಿ ಬೊಗಳಿತು, ಅದರ ಮೇಲೆ ಪ್ರೀತಿ ಬಂತು.

ಭಾನುವಾರ ಅವರ ಚರ್ಚಿನಲ್ಲಿ ನನ್ನ ಮಾತು. ಮೈಕಿನ ಮುಂದೆ ನಿಂತು ಹಸಿವು ಎಂದರೇನು ಎಂದು ಹೇಳುತ್ತಿದ್ದಾಗ ನನ್ನ ಹೊಟ್ಟೆ ಗುರ್ ಎಂದಿತು, ಮೈಕು ಅದನ್ನೂ ಬಿತ್ತರಿಸಿತು. ಮುಂದಿನ ಸಾಲಿನವರು ಗಂಭೀರವಾಗಿ ತಲೆ ತಗ್ಗಿಸಿದರು. ಮಾತು ಮುಗಿದ ಮೇಲೆ ಒಬ್ಬರು ತಟ್ಟೆ ಹಿಡಿದು ಬಂದು ಕೇಕ್ ಬೇಕೇ ಎಂದರು. ಬೇಡ ಎಂಬ ಮಾತು ನನ್ನನ್ನು ಕೇಳದೆಯೇ ಬಾಯಿಂದ ಹೊರಬಿತ್ತು. ತಟ್ಟೆ ಮುಂದೆ ಹೋಯಿತು.

ಹ್ಯಾರಿಸ್ ಪಾರ್ಕ್

ಸಿಡ್ನಿಯ ಹೊರವಲಯದ ಕ್ವೇಕರ್ಸ್ ಹಿಲ್‌ನಲ್ಲಿ ಇರುವ ಶೈಲಾ ನನ್ನ ಹಳೇ ವಿದ್ಯಾರ್ಥಿನಿ. ಹುಬ್ಬಳ್ಳಿಗೆ ಮದುವೆಯಾಗಿ, ಅಲ್ಲಿಂದ ಇಲ್ಲಿಗೆ ಬಂದು, ಈಗ ಒಂದು ಬ್ಯಾಂಕಿನಲ್ಲಿ ಒಳ್ಳೇ ಕೆಲಸದಲ್ಲಿದ್ದಾಳೆ. ಸೋಮವಾರ ರಜೆ ಹಾಕಿ ನನ್ನನ್ನು ರೈಲಿನಲ್ಲಿ ಹ್ಯಾರಿಸ್ ಪಾರ್ಕಿಗೆ ಕರೆದುಕೊಂಡು ಹೋದಳು. ನಿಲ್ದಾಣದಿಂದ ಹೊರಬಿದ್ದರೆ ಮಿಠಾಯಿ ಅಂಗಡಿ, ಕಿರಾಣಿ ಅಂಗಡಿ, ಒಗ್ಗರಣೆ ವಾಸನೆ. ನಡೆಯುತ್ತಲೇ ನನ್ನ ಕಣ್ಣು ತುಂಬಿತು. ಶೈಲಾ ಅದನ್ನು ಊರಿನ ನೆನಪು ಎಂದುಕೊಂಡಳು. ನಾನು ದೋಸೆಯ ಮೇಲೆ ದೋಸೆ ತರಿಸಿ ಮುಗಿಸಿದ್ದನ್ನು ನೋಡಿದ ಮೇಲೆ ಅವಳಿಗೆ ವಿಷಯ ತಿಳಿಯಿತು. ಎಲ್ಲವನ್ನೂ ಹೇಳಿದೆ. ಅವಳು ಮೊದಲು ನಕ್ಕಳು, ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ಟೀಚರ್, ಇಲ್ಲಿ ಒಮ್ಮೆ ಕೇಳ್ತಾರ. ಇಲ್ಲಾ ಅಂದ್ರ ಅಲ್ಲಿಗೆ ಮುಗೀತು," ಎಂದಳು. "ನಾನೂ ಬಂದ ಹೊಸತ್ರಾಗ ಆಫೀಸ್ ಪಾರ್ಟಿಯೊಳಗ ಉಪವಾಸ ಬಿದ್ದು ಮನಿಗೆ ಬಂದು ಅನ್ನಾ ಇಟ್ಟೀನಿ."

ಅವಳ ಮನೆಗೆ ಹೋದಾಗ ಸಂಜೆಯಾಗಿತ್ತು. ಎಂಟು ವರ್ಷದ ಮಗಳು ಬಾಗಿಲಿಗೆ ಬಂದಳು. ಸ್ಕೂಲು ಹ್ಯಾಂಗಿತ್ತವ್ವ ಎಂದೆ. ತಿಳಿಯಿತು ಅವಳಿಗೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬಂತು. ಶೈಲಾ ಒಂದು ಬಾಳೆಹಣ್ಣು ತೋರಿಸಿ ಬೇಕೇನು ಎಂದಳು. ಮಗು ಯೆಸ್ ಪ್ಲೀಸ್ ಎಂದು ತಕ್ಷಣ ಕೈ ಚಾಚಿತು. ಎಷ್ಟು ಹಗುರಾಗಿ ಹೇಳಿತು ಎಂದು ನೋಡುತ್ತ ನಿಂತೆ. ಆ ಸಂಜೆ ನಾವು ಮೂವರೂ ಆಟವಾಡಿದೆವು. ಮಗು ನನಗೆ ಕಾಗದದ ಕೇಕು ಕೊಡುವುದು, ನಾನು ಯೆಸ್ ಪ್ಲೀಸ್ ಎನ್ನುವುದು. ಅಷ್ಟೂ ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು ಆ ಎರಡು ಮಾತುಗಳನ್ನು ಅವಳಿಂದ ಕಲಿತೆ.

ರಾತ್ರಿಯೂಟಕ್ಕೆ ಮಾರ್ಗರೆಟ್ ಅವರ ಮನೆಗೆ ಮರಳಿ, ಸೂಪ್ ಬೇಕೇ ಎಂಬ ಪ್ರಶ್ನೆ ಪೂರ್ತಿ ಮುಗಿಯುವ ಮುಂಚೆಯೇ ಯೆಸ್ ಪ್ಲೀಸ್ ಎಂದುಬಿಟ್ಟೆ. ಮಾರ್ಗರೆಟ್ ಅವರ ಮುಖ ಅರಳಿತು. ಮೊದಲ ದಿನ ಉಪವಾಸ ಎಂದುಕೊಂಡೆ, ಆಮೇಲೆ ನನ್ನ ಅಡಿಗೆಯೇ ನಿಮಗೆ ಇಷ್ಟವಾಗಲಿಲ್ಲವೇನೋ ಎಂದುಕೊಂಡಿದ್ದೆ ಎಂದರು. ಅಷ್ಟೂ ದಿನ ಆ ಮೇಜಿನ ಎರಡು ಬದಿಗೆ ಕೂತು ನಾವಿಬ್ಬರೂ ಒಬ್ಬರ ಮೇಲೊಬ್ಬರು ಬೇಜಾರು ಮಾಡಿಕೊಂಡಿದ್ದೆವು, ಇಬ್ಬರೂ ಮರ್ಯಾದೆಗಾಗಿ ಬಾಯಿ ಮುಚ್ಚಿಕೊಂಡಿದ್ದೆವು. ಮೆಲ್ಬರ್ನಿಗೆ ಹೊರಟಾಗ ನಾನು ಪಾಠ ಕಲಿತವಳ ಹಮ್ಮಿನಲ್ಲಿದ್ದೆ.

ಮೆಲ್ಬರ್ನ್, ಸಮಿತಿಯ ಮೇಜು

ಮೆಲ್ಬರ್ನಿನಲ್ಲಿ ನಾನು ಉಳಿದದ್ದು ಟ್ರುಗನಿನಾ ಎಂಬ ಹೊರವಲಯದ ಬಡಾವಣೆಯಲ್ಲಿ, ಶೈಲಾಳ ಪರಿಚಯದ ಚೇತನ್ ಮನೆಯಲ್ಲಿ. ದಾವಣಗೆರೆಯವನು, ಓದಲು ಬಂದು, ಅಲ್ಲೇ ನೆಲೆಸಲು ಪಿಆರ್ ಪಡೆದು ಐಟಿಯಲ್ಲಿದ್ದಾನೆ. ಹೆಂಡತಿಗೆ ಆಸ್ಪತ್ರೆಯಲ್ಲಿ ಸಂಜೆಯ ಶಿಫ್ಟು. ಅವನು ತನ್ನ ಮನೆಸಾಲದ ಸುದ್ದಿ ಹೇಳುತ್ತ ನನ್ನನ್ನು ಸಭೆಗೆ ಕರೆದೊಯ್ದು ಹಿಂದಿನ ಕುರ್ಚಿಯಲ್ಲಿ ಕೂತ.

ಸಮಿತಿಯವರೆಲ್ಲ ಬೆಳ್ಳಿಗೂದಲಿನವರು. ಅಧ್ಯಕ್ಷೆ ಹೆಲೆನ್, ನೇರ ನೋಟದ ಎತ್ತರದ ಹೆಂಗಸು. ಚಹಾ ಬೇಕೇ ಎಂದರು, ಯೆಸ್ ಪ್ಲೀಸ್. ಬಿಸ್ಕತ್ತು? ಯೆಸ್ ಪ್ಲೀಸ್. ಹಿಂದೆ ತಿರುಗಿ ಚೇತನ್‌ನತ್ತ ಹೆಮ್ಮೆಯಿಂದ ನೋಡಿದೆ. ಆಮೇಲೆ ವರಾಂಡದ ಕಥೆ ಹೇಳಿದೆ. ಸಂಜೆ ಬುತ್ತಿಯ ಬುಟ್ಟಿ ಬಂದಾಗ ಮಂಚಗಳ ಕೆಳಗಿನಿಂದ ಎದ್ದು ಕೂರುವವರ ಫೋಟೋ ತೋರಿಸಿದೆ. ಎಲ್ಲರೂ ಕಿವಿಗೊಟ್ಟು ಕೇಳಿದರು. ಕೊನೆಗೆ ಹೆಲೆನ್ ಮುಂದಕ್ಕೆ ಬಾಗಿ, ನಮ್ಮ ಸಹಾಯ ನಿಮಗೆ ಇನ್ನೂ ಬೇಕೇ ಎಂದು ಕೇಳಿದರು.

ಮೇಜಿನ ಸುತ್ತ ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಕಾಫಿ ಬಿಟ್ಟು, ಕೇಕು ಬಿಟ್ಟು ಪೆಟ್ಟಿಗೆ ತುಂಬಿದ ಮುದುಕರು ಇವರು. ಸೂಪಿಗೆ ಹೂಂ ಎನ್ನಲು ಕಲಿತಿದ್ದೆ ನಿಜ. ಆದರೆ ಇಷ್ಟು ವರ್ಷ ಕೊಟ್ಟ ಹಿರಿಯರ ಮುಂದೆ ಇನ್ನೂ ಬೇಕು ಎಂದು ಕೈ ಒಡ್ಡುವುದು ಹೇಗೆ? ನನ್ನ ಬಾಯಿ ತನ್ನ ಹಳೇ ದಾರಿ ಹಿಡಿಯಿತು. ನೀವು ಮಾಡಿದ್ದೇ ಬಹಳವಾಯಿತು, ಇನ್ನು ಸಾಕು, ಹೇಗೋ ನಡೆಸಿಕೊಂಡು ಹೋಗುತ್ತೇವೆ, ದೇವರಿದ್ದಾನೆ ಎಂದೆ. ಎಂದು, ಎರಡನೇ ಸಲ ಕೇಳಲಿ ಎಂದು ಕಾದೆ.

ಹೆಲೆನ್ ಅವರ ಕಣ್ಣು ತುಂಬಿತು. ಅವರು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಒಬ್ಬರು ಬಂದು ನನ್ನ ಕೈ ಕುಲುಕಿದರು. ನಾನೂ ನಗುತ್ತಲೇ ಇದ್ದೆ. ಒಂದು ಸಣ್ಣ ಪ್ರಾರ್ಥನೆಯಾಯಿತು. ಬಿಸ್ಕತ್ತಿನ ಡಬ್ಬಿಗೆ ಮುಚ್ಚಳ ಹಾಕಿದರು.

ಕಾರಿನಲ್ಲಿ ಚೇತನ್ ಮೊದಲ ಸಿಗ್ನಲ್ಲಿನವರೆಗೆ ಓಡಿಸಿದ. ಆಮೇಲೆ ಕೇಳಿದ, "ಆಂಟಿ, ನಿಜವಾಗ್ಲೂ ಸಾಕಾ ನಿಮಗೆ?"

ಸಾಕೆಂದರೆ ಹೇಗಪ್ಪ, ಸಂಜೆಯ ಬುತ್ತಿ ಪೂರಾ ಅದರ ಮೇಲೇ ಇದೆ ಎಂದೆ.

"ಹಾಗಾದ್ರೆ ಯಾಕೆ ಸಾಕು ಅಂದ್ರಿ? ಅವ್ರು ಅದನ್ನ ಫೈನಲ್ ಅಂತ ತಗೊಂಡ್ರು. ಪ್ರಾಜೆಕ್ಟ್ ಸ್ವಂತ ಕಾಲ ಮೇಲೆ ನಿಂತ್ಕೊಂಡಿದೆ ಅಂತ ಖುಷಿಪಟ್ಟು ಚಪ್ಪಾಳೆ ಹೊಡೆದ್ರು."

ಟ್ರುಗನಿನಾ

ಮನೆ ತಲುಪಿದ ಮೇಲೆ ಚೇತನ್ ಒಂದು ಈಮೇಲ್ ಹಾಕೋಣ ಎಂದ. ಬೇಡ, ಬಾಯಿಂದ ಆದದ್ದನ್ನು ಬಾಯಿಂದಲೇ ಸರಿಮಾಡುತ್ತೇನೆ, ಬೆಳಗ್ಗೆ ನಾನೇ ಹೋಗುತ್ತೇನೆ ಎಂದೆ. ಅವನು ತನ್ನ ಕೋಣೆಯಲ್ಲಿ ಆಫೀಸಿನ ಕರೆಗೆ ಕೂತ. ನಾನು ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಕೂತೆ. ಮರದ ಬೇಲಿಯಾಚೆ ಒಂದೇ ಥರದ ಮನೆಗಳು, ಅವುಗಳಾಚೆ ಗೋದಾಮುಗಳ ಚಪ್ಪಟೆ ಮಾಡು. ಸೂರ್ಯ ಮುಳುಗುತ್ತಿದ್ದ, ಗಾಳಿ ತಣ್ಣಗಿತ್ತು. ಪಕ್ಕದ ಮನೆಯಲ್ಲಿ ಯಾರೋ ಹಿಂದಿಯಲ್ಲಿ ಫೋನಿನಲ್ಲಿ ಅಮ್ಮನಿಗೆ ಎಲ್ಲ ಚೆನ್ನಾಗಿದೆ ಎಂದು ಹೇಳುತ್ತಿದ್ದರು.

ಸಂಜೆಯ ಬುಟ್ಟಿ ಹೋಗದಿದ್ದರೆ ವರಾಂಡದವರು ಯಾರನ್ನೂ ದೂರುವುದಿಲ್ಲ. ಮಂಚದ ಕೆಳಗೆ ಸರಿದು ಮಲಗುತ್ತಾರೆ, ಯಾರಾದರೂ ಕೇಳಿದರೆ ಆಗೇತ್ರಿ ಅನ್ನುತ್ತಾರೆ. ಇದಕ್ಕೆ ಕಾರಣ ನಾನು. ಜೀವನದಲ್ಲಿ ಅಷ್ಟು ಒಂಟಿಯಾಗಿ ನಾನು ಎಂದೂ ಕೂತಿರಲಿಲ್ಲ, ಯಜಮಾನರು ಹೋದ ವಾರವೂ ಇಲ್ಲ. ಆಗ ಮನೆ ತುಂಬ ಜನರಿದ್ದರು, ಒತ್ತಾಯ ಮಾಡಿ ಉಣಿಸಿದ್ದರು. ಚೇತನ್ ಬಾಗಿಲಿಗೆ ಬಂದು ಊಟ ಮಾಡ್ತೀರಾ ಆಂಟಿ ಎಂದ. ಹಸಿವಿಲ್ಲ ಎಂದೆ. ಸರಿ ಆಂಟಿ, ಫ್ರಿಜ್ಜಲ್ಲಿದೆ ಎಂದು ಒಳಗೆ ಹೋದ. ಅವನೂ ಇಲ್ಲಿಯವನೇ ಆಗಿದ್ದ.

ರೊಟ್ಟಿಯಲ್ಲ, ಬ್ರೆಡ್ಡು

ಬೆಳಗ್ಗೆ ಬಸ್ಸು ಹಿಡಿದು, ರೈಲು ಹಿಡಿದು, ಒಂದು ಸಲ ತಪ್ಪು ದಿಕ್ಕಿಗೆ ಹೋಗಿ ಮರಳಿ, ಹೆಲೆನ್ ಅವರ ಚರ್ಚಿಗೆ ಹೋದೆ. ಅಂದು ಅಲ್ಲಿಯ ಸಭಾಂಗಣದಲ್ಲಿ ಬಡವರಿಗೆ ದಿನಸಿ ಕೊಡುವ ದಿನ. ಆಸ್ಟ್ರೇಲಿಯಾದಲ್ಲೂ ಹಸಿದವರಿದ್ದಾರೆ ಎಂದು ಯಾರಾದರೂ ಗದಗಿನಲ್ಲಿ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಉದ್ದ ಸಾಲು ನಿಂತಿತ್ತು. ರೆಂಟ್ ಕಟ್ಟಿದ ಮೇಲೆ ಊಟಕ್ಕೆ ಉಳಿಯದವರು, ಕೆಲಸ ಹೋದವರು, ಕೂಸು ಕಟ್ಟಿಕೊಂಡ ತಾಯಂದಿರು. ಹೆಲೆನ್ ಏಪ್ರನ್ ತೊಟ್ಟು ಬ್ರೆಡ್ಡಿನ ಮೇಜಿನ ಹಿಂದೆ ನಿಂತಿದ್ದರು. ಒಬ್ಬೊಬ್ಬರನ್ನೂ ಒಂದೇ ಸಲ ಕೇಳುತ್ತಿದ್ದರು. ಜನ ಕಣ್ಣೆತ್ತಿ ನೋಡಿ, ಹೌದು, ಎರಡು ಕೊಡಿ ಎನ್ನುತ್ತಿದ್ದರು. ಯಾರೂ ನೆಲ ನೋಡುತ್ತಿರಲಿಲ್ಲ. ಅದನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ಸಾಲು ಕರಗಿದ ಮೇಲೆ ಅವರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ನಮ್ಮ ಬೇಡ, ಕಾಶವ್ವನ ಮೂರು ಸಲದ ಕಟ್ಟಳೆ, ಮಾರ್ಗರೆಟ್ ಅವರ ಸೂಪು, ಎಲ್ಲ. ಹೆಲೆನ್ ನಗಲಿಲ್ಲ. ಕುರ್ಚಿ ಎಳೆದು ನನ್ನನ್ನು ಕೂರಿಸಿ, ಎದುರಿಗೆ ತಾವೂ ಕೂತರು. ನಿಮ್ಮ ಮಾತಿನ ಮೇಲೆ ಸಮಿತಿ ನಿನ್ನೆಯೇ ತೀರ್ಮಾನ ಮಾಡಿತು ಎಂದರು. ನಮ್ಮ ಪಾಲು ಯಾವುದೋ ದ್ವೀಪದ ಹೆಂಗಸರ ತರಕಾರಿ ತೋಟಕ್ಕೆ ಹೋಗಿತ್ತು. ಬಿರುಗಾಳಿ ಆ ತೋಟವನ್ನು ಎತ್ತಿಕೊಂಡು ಹೋಗಿತ್ತಂತೆ, ಅವರು ಬಹಳ ದಿನಗಳಿಂದ ಕಾಯುತ್ತಿದ್ದರಂತೆ. ಸುದ್ದಿ ಹೇಳಲು ಹೆಲೆನ್ ನಿನ್ನೆಯೇ ಫೋನು ಮಾಡಿದ್ದರು. ಅತ್ತ ಕಡೆಯ ಹೆಣ್ಣುಮಗಳು ಅತ್ತಳು ಎಂದರು.

ಅದನ್ನು ಕಸಿದುಕೊಳ್ಳಿ ಎಂದು ಹೇಳುವ ಬಾಯಿ ನನಗಿರಲಿಲ್ಲ.

"ನಾನು ನಿಮ್ಮನ್ನು ಎರಡನೇ ಸಲ ಕೇಳಲಿಲ್ಲ," ಹೆಲೆನ್ ಮೆಲ್ಲಗೆ ಹೇಳಿದರು, "ಯಾಕೆಂದರೆ ಒಬ್ಬರ ಮಾತನ್ನು ನಂಬುವುದೇ ಅವರಿಗೆ ಕೊಡುವ ಮರ್ಯಾದೆ ಎಂದು ನನಗೆ ಕಲಿಸಿದ್ದಾರೆ."

ಅದೂ ಸರಿಯೇ. ನಮ್ಮ ಕಡೆ ಮಾತನ್ನು ನಂಬದಿರುವುದೇ ಮರ್ಯಾದೆ. ಇಬ್ಬರೂ ಮರ್ಯಾದೆ ಮಾಡುವುದರಲ್ಲಿ ಸೇರಿಕೊಂಡು ಬುತ್ತಿಯನ್ನು ಕಳೆದಿದ್ದೆವು. ಹೆಲೆನ್ ಮತ್ತೆ ಕೇಳಿದರು, ಈಗ ಹೇಳಿ, ನಿಮಗೆ ಬೇಕೇ? ಎರಡಕ್ಷರದ ಮಾತು ಅದು, ಇಂಗ್ಲಿಷಿನಲ್ಲಿ ಇನ್ನೂ ಚಿಕ್ಕದು. ಬೇಕು ಎಂದೆ. ಮುಂದಿನ ಸಭೆ ಕ್ರಿಸ್‌ಮಸ್‌ಗೆ ಮುಂಚೆ, ಅಲ್ಲಿ ನಾನೇ ನಿಮ್ಮ ಪರ ಮಾತಾಡುತ್ತೇನೆ, ಮಾತು ಮಾತ್ರ ಕೊಡಲಾರೆ ಎಂದರು. ಆ ಸಭೆ ಇನ್ನೂ ಆಗಿಲ್ಲ.

ಪ್ಲಾಟ್‌ಫಾರ್ಮ್

ರೈಲು ಬರಲು ತಡವಿತ್ತು. ಬೆಂಚಿನ ಮೇಲೆ ಕೂತು ಕಾಶವ್ವನಿಗೆ ಫೋನು ಹಚ್ಚಿದೆ. ಅಲ್ಲಿ ಬೆಳಗು. ಹಿಂದೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಆದದ್ದನ್ನೆಲ್ಲ ಹೇಳಿದೆ. ಸದ್ದು ನಿಂತಿತು. ಕಾಶವ್ವ ಬೈಯುತ್ತಾಳೆ ಎಂದುಕೊಂಡೆ, ಬೈದರೆ ಒಳ್ಳೆಯದಿತ್ತು.

"ಆ ತ್ವಾಟದ ಹೆಣ್ಣಮಕ್ಕಳೂ ಉಪಾಸ ಅದಾರೇನ್ರಿ?" ಎಂದು ಕೇಳಿದಳು.

ಹೂಂ, ಇದ್ದಾರೆ ಎಂದೆ.

"ಹಂಗಾರ ಅವರಿಗೆ ಹೋಗ್ಲಿ ಬಿಡ್ರಿ. ಮುಂಜಾನಿ ಬುತ್ತಿಯೊಳಗ ಇನ್ನೊಂದು ರೊಟ್ಟಿ ಹೆಚ್ಚಿಗಿ ಇಡೂಣು. ಸಂಜೀಮಟ ಇಟಗೊಂಡು ತಿಂತಾರ."

ಒಣಗಿಸಿದ ಕಟಿ ರೊಟ್ಟಿ ಕೆಡುವುದಿಲ್ಲ, ಅದು ನನಗೂ ಗೊತ್ತಿತ್ತು. ಆದರೆ ಬೆಳಿಗ್ಗೆಯೇ ಅರೆಹೊಟ್ಟೆಯಿರುವವರು ಅದನ್ನು ಸಂಜೆಯವರೆಗೆ ಉಳಿಸುವುದಿಲ್ಲ ಎಂಬುದೂ ನಮಗಿಬ್ಬರಿಗೂ ಗೊತ್ತಿತ್ತು. ರೊಟ್ಟಿಯ ಸದ್ದು ಮತ್ತೆ ಶುರುವಾಯಿತು.

"ಉಂಡೀರೇನ್ರಿ?" ಎಂದಳು ಕಾಶವ್ವ.

ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆಗೇತಿ ಎಂದೆ.

"ಖರೇನ?"

ನಾನು ಪ್ಲಾಟ್‌ಫಾರ್ಮಿನ ನೆಲ ನೋಡಿದೆ. ಆಗೇತಿ ಕಾಶವ್ವ, ನೀ ಕೆಲಸ ನೋಡು ಎಂದೆ. ಅವಳು ಫೋನು ಇಡಲಿಲ್ಲ. ಅಷ್ಟು ದೂರದ ಆ ಅಡಿಗೆಮನೆಯಲ್ಲಿ ಹಿಟ್ಟಿನ ಕೈ ಒರೆಸಿಕೊಂಡದ್ದು ಕೇಳಿಸಿತು.

"ಉಂಡೀರಿಲ್ಲೋ, ಅದನ್ನ ಹೇಳ್ರಿ."

"ಇಲ್ಲವ್ವ," ಎಂದೆ. "ಉಂಡಿಲ್ಲ. ಭಾಳ ಹಸಿವಾಗೇತಿ."